ಎರಡೂ ಕಡೆ ಸಲ್ಲುವ ಹಾಗೆ: ಯುಎಇಯಲ್ಲಿ ಚಿಕ್ಕ ಮಕ್ಕಳನ್ನು ಬೆಳೆಸುವ ಕನ್ನಡಿಗರಿಗೆ

ನಿಮ್ಮ ಮಗು ದುಬೈಯಲ್ಲಿ ಹುಟ್ಟಿರಬಹುದು, ಶಾರ್ಜಾದ ಫ್ಲ್ಯಾಟಿನಲ್ಲಿ ನಡೆಯೋಕೆ ಕಲಿತಿರಬಹುದು, ‘ಅಮ್ಮ’ ಅಂದ ಮರುವಾರವೇ ‘ಯಲ್ಲಾ’ ಅಂದಿರಬಹುದು. ಆದರೂ ಈ ದೇಶದಲ್ಲಿ ಅದು ವೀಸಾದ ಮೇಲೆ ಇರುವ ಮಗು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ಅಲ್ಲಿನ ಪೌರತ್ವ ಸಿಗುತ್ತೆ ಅಂತ ಕೇಳಿರುತ್ತೀರಿ. ಇಲ್ಲಿ ಹಾಗಿಲ್ಲ. ನಮ್ಮ ವೀಸಾ ನಮ್ಮ ಕೆಲಸಕ್ಕೆ ಕಟ್ಟಿಕೊಂಡಿದೆ, ಮಗುವಿನ ವೀಸಾ ನಮ್ಮ ವೀಸಾಕ್ಕೆ ಕಟ್ಟಿಕೊಂಡಿದೆ. ಕೆಲಸ ಹೋದರೆ ಮಗುವಿನ ಶಾಲೆ, ಗೆಳೆಯರು, ಕೆಳಗಿನ ಪಾರ್ಕಿನ ಉಯ್ಯಾಲೆ ಎಲ್ಲಾ ಒಟ್ಟಿಗೇ ಹೋಗುತ್ತೆ.

ಹೆದರಿಸೋಕೆ ಹೇಳ್ತಾ ಇಲ್ಲ. ನಾನು ಬಿ.ಕಾಂ. ಮುಗಿಸಿ ಸಾಗರದಿಂದ 2014ರಲ್ಲಿ ದುಬೈಗೆ ಬಂದವನು. ಒಂದು ಟ್ರೇಡಿಂಗ್ ಕಂಪನಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ, ಭಾನುವಾರ ನಮ್ಮ ವೇದಿಕೆಯ ಸಹಾಯ ಮೇಜಿನಲ್ಲಿ ಕೂರುತ್ತೇನೆ. ಮಕ್ಕಳ ವಿಷಯಕ್ಕೆ ಬರುವ ಹೆಚ್ಚಿನವರ ಮೊದಲ ಪ್ರಶ್ನೆ ‘ಯಾವ ಸ್ಕೂಲು ಒಳ್ಳೇದು ಸಾರ್’ ಅಂತ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ ಅಂತ ನನ್ನ ಅಭಿಪ್ರಾಯ: ಬರುವ ವರ್ಷ ದಿಢೀರನೆ ಊರಿಗೆ ಹೋಗಬೇಕಾಗಿ ಬಂದರೆ, ಈ ಮಗು ಅಲ್ಲಿ ಸಲ್ಲುತ್ತಾ? ಕಾಗದದಲ್ಲಿ, ಶಾಲೆಯಲ್ಲಿ, ಮಾತಿನಲ್ಲಿ?

ಈ ಪ್ರಶ್ನೆಯನ್ನು ನಾನು ಸರಿಯಾದ ಸಮಯದಲ್ಲಿ ಕೇಳಿಕೊಳ್ಳಲಿಲ್ಲ. 2020ರಲ್ಲಿ ಕೊರೊನಾ ಬಂದಾಗ ನಮ್ಮ ಆಫೀಸಿನಲ್ಲಿ ಅರ್ಧ ಸಂಬಳ ಮಾಡಿದರು. ಮಗಳಿಗೆ ಆಗ ನಾಲ್ಕು ವರ್ಷ, ಏಪ್ರಿಲ್‌ನಲ್ಲಿ ಕೆ.ಜಿ. ಒಂದಕ್ಕೆ ಸೇರಿಸಿದ್ದೆವು, ತರಗತಿ ಎಲ್ಲಾ ಲ್ಯಾಪ್‌ಟಾಪಿನಲ್ಲಿ. ಮೂರು ತಿಂಗಳು ಎಳೆದೆವು. ಆಮೇಲೆ ಹೆಂಡತಿ ಮತ್ತು ಮಗಳನ್ನು ವಂದೇ ಭಾರತ್ ವಿಮಾನದಲ್ಲಿ ಊರಿಗೆ ಕಳಿಸಿ ನಾನು ಬೆಡ್‌ಸ್ಪೇಸಿಗೆ ಹೋದೆ. ಹಾಗೆ ಕಳಿಸಿದವರು ನಾನೊಬ್ಬನೇ ಅಲ್ಲ, ಇದನ್ನು ಓದುವ ಎಷ್ಟೋ ಜನ ಅದನ್ನೇ ಮಾಡಿದ್ದೀರಿ. ಹದಿನೈದು ದಿನ ಆದ ಮೇಲೆ ಅಮ್ಮ ಫೋನಿನಲ್ಲಿ ಹೇಳಿದರು: ‘ನಿನ್ನ ಮಗಳು ಮನೆಗೆ ಬಂದ ನೆಂಟರ ಹಾಗೆ ಕೂತಿರ್ತಾಳೆ ಕಣೋ. ಹಸಿವಾಯ್ತಾ ಅಂತ ಕೇಳೋಕೂ ನನಗೆ ಹೆದರಿಕೆ, ಏನು ಹೇಳ್ತಾಳೋ ತಿಳಿಯಲ್ಲ.’

ಈ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ. ಮೊದಲು ಕಾಗದ ಪತ್ರ, ಯಾಕಂದ್ರೆ ಅದಕ್ಕೆ ತಾರೀಖು ಇದೆ.

ಕಾಗದ ಪತ್ರ

ಇಲ್ಲಿ ಹುಟ್ಟಿದ ಮಗುವಿಗೆ ಮೂರು ಗಡಿಯಾರ ಒಟ್ಟಿಗೆ ಓಡಲು ಶುರುವಾಗುತ್ತೆ. ಹುಟ್ಟಿದ 120 ದಿನದೊಳಗೆ ರೆಸಿಡೆನ್ಸ್ ವೀಸಾ ಆಗಬೇಕು, ತಪ್ಪಿದರೆ ದಿನಕ್ಕಿಷ್ಟು ಅಂತ ದಂಡ. ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ (ಅಬುಧಾಬಿಯವರಾದರೆ ರಾಯಭಾರ ಕಚೇರಿಯಲ್ಲಿ) ಜನನ ನೋಂದಣಿ ಆಗಬೇಕು. ಇದು 1955ರ ಪೌರತ್ವ ಕಾಯ್ದೆಯ ನಾಲ್ಕನೇ ಕಲಮಿನ ಮಾತು. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗು ಈ ನೋಂದಣಿ ಆದರೆ ಮಾತ್ರ ವಂಶದ ಆಧಾರದಲ್ಲಿ ಭಾರತೀಯ. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅಪ್ಪ ಅಮ್ಮ ಇಬ್ಬರೂ ಭಾರತೀಯರಲ್ವಾ, ತಾನಾಗೇ ಆಗುತ್ತೆ ಬಿಡಿ ಅಂದುಕೊಳ್ಳಬೇಡಿ. ಪಾಸ್‌ಪೋರ್ಟ್ ಅರ್ಜಿ ಹಾಕುವಾಗಲೇ ನೋಂದಣಿಯನ್ನೂ ಮಾಡಿಸಿ, ಕಾನ್ಸುಲೇಟಿನ ಜನನ ಪ್ರಮಾಣಪತ್ರ ಪಡೆದು ಜೋಪಾನವಾಗಿಡಿ. ಊರಿನ ಪಂಚಾಯಿತಿಯಲ್ಲೋ ಪುರಸಭೆಯಲ್ಲೋ ಈ ಮಗುವಿನ ಹುಟ್ಟಿನ ದಾಖಲೆ ಇರುವುದಿಲ್ಲ ಅನ್ನೋದು ನೆನಪಿರಲಿ.

ಮೂರನೇ ಗಡಿಯಾರ ಇನ್ಶೂರೆನ್ಸಿನದು, ಅದರಲ್ಲಿ ಎಡವಿದವನು ನಾನೇ. 2022ರಲ್ಲಿ ಮಗ ಹುಟ್ಟಿದ. ದುಬೈಯಲ್ಲಿ ಹಸುಗೂಸಿಗೆ ಮೊದಲ 30 ದಿನ ತಾಯಿಯ ಪಾಲಿಸಿಯಲ್ಲೇ ರಕ್ಷಣೆ ಇರುತ್ತೆ, ಆಮೇಲೆ ಮಗುವಿಗೆ ಬೇರೆ ಪಾಲಿಸಿ ಬೇಕು. ಕೆಲಸ ಮಾಡುವವರ ಪಾಲಿಸಿ ಕಂಪನಿಯ ಹೊಣೆ, ಹೆಂಡತಿ ಮಕ್ಕಳದು ಸ್ಪಾನ್ಸರ್ ಮಾಡಿದ ನಿಮ್ಮ ಹೊಣೆ. ನಮ್ಮ ಮನೆಯಲ್ಲಿ ಹೆಸರಿನ ಚರ್ಚೆ ನಡೀತಾ ಇತ್ತು. ನಕ್ಷತ್ರಕ್ಕೆ ಯಾವ ಅಕ್ಷರ, ಮಾವನವರು ಹೇಳಿದ ಹೆಸರೋ ನಮ್ಮ ತಂದೆ ಹೇಳಿದ್ದೋ ಅಂತ ಮೂರು ವಾರ ಹೋಯಿತು. ಹೆಸರಿಲ್ಲದೆ ಜನನ ಪ್ರಮಾಣಪತ್ರ ಇಲ್ಲ, ಅದಿಲ್ಲದೆ ಪಾಸ್‌ಪೋರ್ಟ್ ಇಲ್ಲ, ಪಾಸ್‌ಪೋರ್ಟ್ ಇಲ್ಲದೆ ವೀಸಾ ಇಲ್ಲ. ಪಾಲಿಸಿ ಆಮೇಲೆ ಮಾಡಿಸೋಣ ಅಂತ ನಾನು ಸುಮ್ಮನಿದ್ದೆ. ಮೂವತ್ತೇಳನೇ ದಿನ ರಾತ್ರಿ ಜ್ವರ. ಅಷ್ಟು ಎಳೆ ಮಗುವಿಗೆ ಜ್ವರ ಬಂದರೆ ವೈದ್ಯರು ಮನೆಗೆ ಕಳಿಸುವುದಿಲ್ಲ, ಕಳಿಸಲೂಬಾರದು. ಎರಡು ರಾತ್ರಿ ಆಸ್ಪತ್ರೆ, 6,400 ದಿರ್ಹಮ್ ಕೈಯಿಂದ. ಬೇರೆಯವರ ಬಾಕಿ ತಾರೀಖು ನೆನಪಿಡುವುದೇ ನನ್ನ ಹೊಟ್ಟೆಪಾಡು, ಮಗನ ತಾರೀಖು ಮರೆತೆ. ನೀವು ಹೆರಿಗೆಗೆ ಮುಂಚೆಯೇ ಹೆಸರು ನಿಶ್ಚಯ ಮಾಡಿಟ್ಟುಕೊಳ್ಳಿ. ಕಾಗದದ ಹೆಸರು ಒಂದು, ತೊಟ್ಟಿಲ ಹೆಸರು ಇನ್ನೊಂದು ಆದರೆ ಯಾರಿಗೂ ನಷ್ಟವಿಲ್ಲ.

ಹೆಸರಿನ ಬಗ್ಗೆ ಇನ್ನೊಂದು. ನಮ್ಮ ಕಡೆ ಇನಿಶಿಯಲ್ ಹಾಕುವ ರೂಢಿ, ಎಷ್ಟೋ ಜನರಿಗೆ ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಿಂದ ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಯುಎಇ ವಿಸಿಟ್ ವೀಸಾ ಸಿಗುವುದು ಕಷ್ಟವಾಗಿದೆ. ಮಗುವಿನ ಪಾಸ್‌ಪೋರ್ಟಿನಲ್ಲಿ ಎರಡೂ ಜಾಗ ತುಂಬಿಸಿ: ತಂದೆಯ ಹೆಸರು, ಮನೆತನದ ಹೆಸರು, ಊರಿನ ಹೆಸರು, ಯಾವುದಾದರೂ ಸರಿ. ಆದರೆ ಎಲ್ಲಾ ಕಾಗದದಲ್ಲೂ ಒಂದೇ ಕಾಗುಣಿತ ಇರಲಿ. ಮಕ್ಕಳ ಪಾಸ್‌ಪೋರ್ಟ್‌ಗೆ ಐದೇ ವರ್ಷ ಆಯುಸ್ಸು, ದೊಡ್ಡವರದರ ಹಾಗೆ ಹತ್ತಲ್ಲ.

ರಜೆಗೆ ಊರಿಗೆ ಹೋದಾಗ ಪಾಸ್‌ಪೋರ್ಟ್ ತೋರಿಸಿ ಮಗುವಿಗೆ ಆಧಾರ್ ಮಾಡಿಸಬಹುದು. ಇನ್ನೊಂದು ಕಡೆ, ಮಗುವನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಬಂದು ಆರು ತಿಂಗಳು ದಾಟಿಸಿದರೆ ಇಲ್ಲಿನ ರೆಸಿಡೆನ್ಸ್ ರದ್ದಾಗುವ ಅಪಾಯವಿದೆ.

ಕುಟುಂಬ ಕರೆಸುವ ಮೊದಲು ಲೆಕ್ಕ

ಕುಟುಂಬ ಸ್ಪಾನ್ಸರ್ ಮಾಡಲು ಸಂಬಳ 4,000 ದಿರ್ಹಮ್ ಇರಬೇಕು, ಅಥವಾ 3,000 ಮತ್ತು ಮನೆ. ಇದು ಕಾನೂನಿನ ಕನಿಷ್ಠ ಮಾತ್ರ, ಜೀವನದ ಕನಿಷ್ಠ ಅಲ್ಲ. ಮದುವೆ ಸರ್ಟಿಫಿಕೇಟನ್ನು ಊರಲ್ಲಿ ಇರುವಾಗಲೇ ಅಟೆಸ್ಟ್ ಮಾಡಿಸಿಕೊಂಡು ಬನ್ನಿ, ಇಲ್ಲಿಂದ ಏಜೆಂಟರ ಕೈಯಲ್ಲಿ ಮಾಡಿಸಿದರೆ ದುಪ್ಪಟ್ಟು ಖರ್ಚು.

ಒಂದು ಮಾದರಿ ಲೆಕ್ಕ ಹಾಕೋಣ. ಇದರಲ್ಲಿರುವ ಅಂಕಿ ನಿಮ್ಮದಲ್ಲ, ಲೆಕ್ಕದ ಕ್ರಮ ಮಾತ್ರ ನೋಡಿ. ಸಂಬಳ 6,500. ಬಾಡಿಗೆ ವರ್ಷಕ್ಕೆ 30,000, ತಿಂಗಳಿಗೆ 2,500. ಕರೆಂಟು ನೀರು 350. ದಿನಸಿ, ಹಾಲು, ಡೈಪರ್ 1,400. ಒಂದು ಮಗುವಿನ ಶಾಲೆ ಮತ್ತು ಬಸ್ 900. ಹೆಂಡತಿ ಮಗುವಿನ ಇನ್ಶೂರೆನ್ಸ್ ತಿಂಗಳಿಗೆ ಹಂಚಿದರೆ 150. ವೀಸಾ ನವೀಕರಣ ಮತ್ತು ವಿಮಾನದ ಟಿಕೆಟ್‌ಗೆ ಎತ್ತಿಡುವುದು 250. ಫೋನು, ಇಂಟರ್ನೆಟ್ 400. ಓಡಾಟ 400. ಒಟ್ಟು 6,350. ಉಳಿದದ್ದು 150. ಒಬ್ಬರೇ ಇದ್ದಾಗ ಊರಿಗೆ ಕಳಿಸುತ್ತಿದ್ದ ಮೂರು ಸಾವಿರ ಎಲ್ಲಿಂದ ಬರಬೇಕು? ಊರಲ್ಲಿ ಮನೆ ಸಾಲ ಇದ್ದರೆ?

ಲೆಕ್ಕ ಹೀಗೆ ಬಂದರೆ ಕುಟುಂಬ ಕರೆಸಬೇಡಿ ಅಂತ ನಾನು ಹೇಳಲ್ಲ. ಮಗು ಮೊದಲ ಹಲ್ಲು ಬಿಡುವುದನ್ನು ನೋಡುವುದಕ್ಕೆ ಬೆಲೆ ಕಟ್ಟುವ ಕಾಲಂ ನನ್ನ ಎಕ್ಸೆಲ್ ಶೀಟಿನಲ್ಲಿ ಇಲ್ಲ. ಆದರೆ ಈ ಲೆಕ್ಕವನ್ನು ಊರಿನವರ ಮುಂದೆ, ತಂದೆ ತಾಯಿಯ ಮುಂದೆ ಇಟ್ಟು ಮಾತಾಡಿ. ಹಣ ಕಡಿಮೆಯಾಗುತ್ತೆ ಅಂತ ಮೊದಲೇ ಹೇಳಿ. ಹೇಳದೆ ಕ್ರೆಡಿಟ್ ಕಾರ್ಡಿನಲ್ಲಿ ತೂಗಿಸಿದವರನ್ನು ನಾನು ಸಹಾಯ ಮೇಜಿನಲ್ಲಿ ನೋಡಿದ್ದೇನೆ. ಬಾಡಿಗೆಗೆ ಕೊಟ್ಟ ಚೆಕ್ ಪಾಸಾಗದೇ ಇದ್ದಾಗ ಮನೆಯಲ್ಲಿ ಆಗುವ ಜಗಳ ಎರಡು ವರ್ಷದ ಮಗುವಿಗೂ ಅರ್ಥ ಆಗುತ್ತೆ. ಹಾಗೇ, ವಿಸಿಟ್ ವೀಸಾದಲ್ಲಿ ಕರೆಸಿ ಹಾಗೇ ದಿನ ತಳ್ಳುವ ಯೋಚನೆ ಬೇಡವೇ ಬೇಡ. ಆ ಮಗುವಿಗೆ ಶಾಲೆ ಇಲ್ಲ, ಇನ್ಶೂರೆನ್ಸ್ ಇಲ್ಲ, ದಿನ ದಿನ ದಂಡ ಬೇರೆ.

ಗ್ರ್ಯಾಚುಟಿ ಬರುತ್ತಲ್ಲ ಅನ್ನುತ್ತೀರಿ. ಮೂಲ ವೇತನ 3,000 ಆಗಿದ್ದರೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಲೆಕ್ಕದಲ್ಲಿ 2,100, ಆಮೇಲೆ ವರ್ಷಕ್ಕೆ 30 ದಿನದ ಲೆಕ್ಕದಲ್ಲಿ 3,000. ಆರು ವರ್ಷ ದುಡಿದರೆ 13,500. ಇದು ಊರಿಗೆ ಮರಳಿದ ಮೊದಲ ವರ್ಷ ದಾಟಿಸುವ ಹಣ, ಮಕ್ಕಳ ಓದಿನ ನಿಧಿ ಅಂತ ಎಣಿಸಬೇಡಿ. ಓದಿಗೆ ಅಂತ ಎನ್‌ಆರ್‌ಇ ಫಿಕ್ಸೆಡ್ ಡೆಪಾಸಿಟ್ ಇಡಿ, ನೀವು ಅನಿವಾಸಿ ಆಗಿರುವ ತನಕ ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಮಾಡಿಸಿ ಅಂತ ಊರಿಂದ ಯಾರಾದರೂ ಹೇಳಿಯೇ ಹೇಳುತ್ತಾರೆ. ಅನಿವಾಸಿಗಳಿಗೆ ಆ ಖಾತೆ ತೆರೆಯಲು ಬರುವುದಿಲ್ಲ, ಹೊಸ ಪಿಪಿಎಫ್ ಕೂಡ ಇಲ್ಲ. ಇನ್ನು ಬಿಲ್ಡಿಂಗಿನಲ್ಲಿ ನಡೆಯುವ ಚೀಟಿ ವ್ಯವಹಾರ: ಅದರಲ್ಲಿ ಮಗುವಿನ ಹಣ ಹಾಕಬೇಡಿ. ನಡೆಸುವವರು ಎಷ್ಟೇ ಒಳ್ಳೆಯವರಾದರೂ ಅವರದೂ ನಮ್ಮಂಥದೇ ವೀಸಾ.

ಶಾಲೆ

ಮರಳುವುದು ಖಚಿತ ಅಂದಮೇಲೆ ನಮ್ಮಂಥವರಿಗೆ ಸಿಬಿಎಸ್‌ಇ ಶಾಲೆ ಅನುಕೂಲ. ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ಗೆ ಮುಗಿಯುತ್ತೆ, ಊರಿನ ತರಗತಿಗೆ ಹೊಂದುತ್ತೆ. ಬ್ರಿಟಿಷ್ ಪಠ್ಯಕ್ರಮದ ಶಾಲೆಗಳು ಆಗಸ್ಟ್ ಕೊನೆಗೋ ಸೆಪ್ಟೆಂಬರ್‌ಗೋ ಶುರು, ನಡುವೆ ಊರಿಗೆ ಹೋದರೆ ಅರ್ಧ ವರ್ಷ ನಷ್ಟ. ಶಾಲೆಯ ಫೀ ಬಾಕಿ ಇಟ್ಟುಕೊಳ್ಳಬೇಡಿ, ಬಾಕಿ ಇದ್ದರೆ ಟಿ.ಸಿ. ಸಿಗುವುದು ಕಷ್ಟ. ಟಿ.ಸಿ. ತೆಗೆದುಕೊಂಡು ಹೊರಡುವಾಗ ಅದಕ್ಕೆ ಇಲ್ಲಿನ ಶಿಕ್ಷಣ ಪ್ರಾಧಿಕಾರದ ಮುದ್ರೆ ಬೇಕಾಗುತ್ತೆ. ವಿಮಾನದ ಹಿಂದಿನ ದಿನ ಅದಕ್ಕೆ ಓಡಾಡುವ ಹಾಗೆ ಮಾಡಿಕೊಳ್ಳಬೇಡಿ.

ಶಾಲೆಯಲ್ಲಿ ಅರಬ್ಬಿ ಕಡ್ಡಾಯ. ಕೆಲವರು ‘ಇದರಿಂದ ನಮ್ಮ ಮಕ್ಕಳಿಗೇನು ಉಪಯೋಗ’ ಅಂತ ಮಗುವಿನ ಎದುರೇ ಹೇಳುತ್ತಾರೆ. ಹಾಗೆ ಹೇಳಬೇಡಿ. ನನ್ನ ಮಗಳು ಒಂದನೇ ತರಗತಿಯಲ್ಲಿ ‘ಅಮ್ಮ’ ಅನ್ನುವುದನ್ನು ಬಲಗಡೆಯಿಂದ ಎಡಕ್ಕೆ ಬರೆದು ತೋರಿಸಿದಾಗ ನಮಗೆ ನಗು ಬಂತು. ಎರಡು ವಾರದಲ್ಲಿ ತಾನಾಗೇ ಸರಿಯಾಯಿತು. ಮಕ್ಕಳ ತಲೆಯಲ್ಲಿ ಜಾಗಕ್ಕೆ ಕೊರತೆ ಇಲ್ಲ.

ಮನೆ ಮಾತು

ಈಗ ಅಮ್ಮ ಫೋನಿನಲ್ಲಿ ಹೇಳಿದ ಮಾತಿಗೆ ಬರುತ್ತೇನೆ. ಮಗಳಿಗೆ ಎರಡೂವರೆ ವರ್ಷ ಆದಾಗ ಮಾತು ಕಡಿಮೆ ಇತ್ತು. ನರ್ಸರಿಯಲ್ಲಿ ‘ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮಲಯಾಳ, ಕೆಳಗೆ ಹಿಂದಿ, ಇಲ್ಲಿ ಇಂಗ್ಲಿಷು, ಮಗುವಿಗೆ ಗೊಂದಲ ಆಗ್ತಿದೆ, ಒಂದೇ ಭಾಷೆ ಇಟ್ಟುಕೊಳ್ಳಿ’ ಅಂದರು. ನಾವು ಗಾಬರಿಯಲ್ಲಿ ಕನ್ನಡ ಬಿಟ್ಟೆವು. ನಮ್ಮದೇ ಅರ್ಧಂಬರ್ಧ ಇಂಗ್ಲಿಷಿನಲ್ಲಿ ‘ಈಟ್’, ‘ಸ್ಲೀಪ್’, ‘ಡೋಂಟ್ ಡೂ’ ಅಂತ ಆಳಲು ಶುರು ಮಾಡಿದೆವು. ಈಗ ಯೋಚಿಸಿದರೆ, ಆ ಎರಡು ವರ್ಷ ಮಗಳ ಜೊತೆ ನಾವು ಬರೀ ಆಜ್ಞೆ ಮಾಡಿದ್ದೇವೆ, ಮಾತಾಡಿಲ್ಲ. ನಮಗೆ ಇಂಗ್ಲಿಷಿನಲ್ಲಿ ಕಥೆ ಹೇಳೋಕೆ ಬರಲ್ಲ, ಮುದ್ದು ಮಾಡೋಕೆ ಬರಲ್ಲ.

ಹಲವು ಭಾಷೆ ಕೇಳುವುದರಿಂದ ಮಗುವಿನ ಮಾತು ತಡವಾಗುವುದಿಲ್ಲ. ಎರಡು ವರ್ಷ ತುಂಬಿದರೂ ಮಗು ‘ಅಮ್ಮ ಬಾ’, ‘ಹಾಲು ಬೇಡ’ ಅನ್ನುವ ಹಾಗೆ ಎರಡು ಪದ ಜೋಡಿಸದೇ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಪರೀಕ್ಷೆ ಮಾಡಿಸಬೇಕಾದ್ದು ಕಿವಿಯನ್ನು, ಬಿಡಿಸಬೇಕಾದ್ದು ಮನೆ ಮಾತನ್ನಲ್ಲ. ನಿಮ್ಮ ಮನೆ ಮಾತು ತುಳು, ಕೊಂಕಣಿ, ಬ್ಯಾರಿ, ಉರ್ದು ಯಾವುದೇ ಆಗಿರಲಿ, ಅದನ್ನೇ ಧಾರಾಳವಾಗಿ ಆಡಿ, ಕನ್ನಡವೂ ಜೊತೆಗಿರಲಿ. ಅಜ್ಜಿಯ ಜೊತೆ ಜಗಳ ಆಡುವಷ್ಟು ಬಂದರೆ ಸಾಕು ಅನ್ನೋದು ನನ್ನ ಅಳತೆ.

ಊರಿಗೆ ಹೋದ ಮೇಲೆ ಮಗಳು ಕನ್ನಡ ಆಡಲು ಪ್ರಯತ್ನಿಸಿದಳು. ‘ಅಜ್ಜಿ ಬಂದ’, ‘ಅಪ್ಪ ಫೋನ್ ಮಾಡಿದಳು’ ಅಂದಳು. ಮನೆ ತುಂಬ ಇದ್ದವರು ನಕ್ಕರು, ಪ್ರೀತಿಯಿಂದಲೇ ನಕ್ಕರು, ಇನ್ನೊಮ್ಮೆ ಹೇಳು ಅಂತ ಹೇಳಿಸಿ ನಕ್ಕರು. ಅವಳು ಬಾಯಿ ಮುಚ್ಚಿದಳು. ನೆಂಟರ ಹಾಗೆ ಕೂತಿದ್ದು ಅದಕ್ಕೆ. ರಜೆಗೆ ಹೋಗುವ ಮೊದಲು ಊರಿನವರಿಗೆ ಫೋನ್ ಮಾಡಿ ಇದೊಂದು ಹೇಳಿಬಿಡಿ: ಮಗು ತಪ್ಪು ಮಾತಾಡಿದರೆ ನಗಬೇಡಿ, ತಿದ್ದಲೂ ಬೇಡಿ, ‘ಹೌದಾ, ಅಜ್ಜಿ ಬಂದಳಾ?’ ಅಂತ ಸರಿಯಾದ ಮಾತಿನಲ್ಲಿ ಉತ್ತರ ಕೊಟ್ಟು ಮುಂದೆ ಹೋಗಿ ಅಂತ.

2021ರ ಕೊನೆಗೆ ನನಗೆ ಬೇರೆ ಕೆಲಸ ಸಿಕ್ಕಿ ಅವರಿಬ್ಬರೂ ವಾಪಸ್ ಬಂದರು. ಆಮೇಲೆ ನಮ್ಮ ಮನೆಯಲ್ಲಿ ಮಾಡಿಕೊಂಡ ಬದಲಾವಣೆ ದೊಡ್ಡದೇನಲ್ಲ. ಅಡುಗೆಮನೆಯಲ್ಲಿ ಇಂಗ್ಲಿಷ್ ಇಲ್ಲ. ಸೌಟು, ಜರಡಿ, ಲಟ್ಟಣಿಗೆ, ಒಗ್ಗರಣೆ, ಹದ, ಬಿಸಿ, ಉಗುರುಬೆಚ್ಚಗೆ ಎಲ್ಲವೂ ಅಲ್ಲಿ ಸಿಗುತ್ತೆ. ಮಕ್ಕಳು ಇಂಗ್ಲಿಷಿನಲ್ಲಿ ಕೇಳಿದರೂ ನಾವು ಕನ್ನಡದಲ್ಲಿ ಉತ್ತರ ಕೊಡುತ್ತೇವೆ, ಬೈಯುವುದಿಲ್ಲ. ನಾನು ಬೆಳಿಗ್ಗೆ ಆರೂವರೆಗೆ ಹೊರಟರೆ ರಾತ್ರಿ ಎಂಟಕ್ಕೆ ಬರುವವನು. ಹಾಗಾಗಿ ನನ್ನ ಪಾಲು ಮಲಗುವ ಮುಂಚಿನ ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಫೋನು ಹಾಲಿನಲ್ಲಿ ಚಾರ್ಜಿಗೆ. ರಾತ್ರಿ ಪಾಳಿಯವರು, ಡ್ರೈವರ್ ಕೆಲಸದವರು ಬೇರೆ ಯಾವುದಾದರೂ ಹತ್ತು ನಿಮಿಷ ಹಿಡಿದುಕೊಳ್ಳಿ, ಶಾಲೆ ಬಸ್ಸಿಗೆ ಬಿಡಲು ಹೋಗುವ ದಾರಿಯೂ ಆಗಬಹುದು.

ಓದು ಬರಹಕ್ಕೆ, ಕರ್ನಾಟಕ ಪಠ್ಯಪುಸ್ತಕ ಸಂಘದ ಒಂದನೇ ತರಗತಿಯ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತೆ, ಆಫೀಸಿನಲ್ಲಿ ಪ್ರಿಂಟ್ ತೆಗೆದುಕೊಳ್ಳಿ (ಮ್ಯಾನೇಜರನ್ನು ಕೇಳಿ ತೆಗೆಯಿರಿ). ದುಬೈಯಲ್ಲಿ ಕನ್ನಡ ಮಿತ್ರರು ಬಳಗದವರು ನಡೆಸುವ ಉಚಿತ ಕನ್ನಡ ಪಾಠಶಾಲೆಯೂ ಇದೆ. ಇದು ಬರೀ ಅಭಿಮಾನದ ಮಾತಲ್ಲ. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಒಂದು ವಿಷಯ. ನಾಲ್ಕನೇ ತರಗತಿಗೆ ಹೋಗಿ ಸೇರುವ ಮಗು ಅಕ್ಷರವೇ ಗೊತ್ತಿಲ್ಲದೆ ಕೂತರೆ ಅದರ ಸಂಕಟ ಮಗುವಿಗೇ ಗೊತ್ತು.

ಮನೆಯೊಳಗಿನ ಶಿಸ್ತು

ಊರಲ್ಲಿ ನಮಗೆ ಅಪ್ಪ ಎರಡು ಬಾರಿಸಿದ್ದು ನೆನಪಿರಬಹುದು. ಇಲ್ಲಿ 2016ರ ಮೂರನೇ ಫೆಡರಲ್ ಕಾನೂನು ಇದೆ, ವದೀಮಾ ಕಾನೂನು ಅಂತಲೇ ಹೆಸರು. ಇದು ಇಲ್ಲಿನ ಪ್ರಜೆಗಳ ಮಕ್ಕಳಿಗೆ ಮಾತ್ರ ಅಲ್ಲ, ಈ ನೆಲದಲ್ಲಿರುವ ಎಲ್ಲ ಮಕ್ಕಳಿಗೂ. ಹೊಡೆದ ಗುರುತು ಕಂಡರೆ ಶಾಲೆಯವರು ವರದಿ ಮಾಡಲೇಬೇಕು. ಚಿಕ್ಕ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಸೂಪರ್‌ಮಾರ್ಕೆಟ್‌ಗೆ ಇಳಿಯುವುದು, ‘ಐದೇ ನಿಮಿಷ’ ಅಂತ ಕಾರಿನಲ್ಲಿ ಬಿಟ್ಟು ಹೋಗುವುದು, ಎರಡೂ ಬೇಡ. ಬೇಸಿಗೆಯಲ್ಲಿ ಆ ಐದು ನಿಮಿಷದಲ್ಲೇ ಕಾರು ಒಲೆ ಆಗುತ್ತೆ. ನಾಲ್ಕು ವರ್ಷದ ಒಳಗಿನ ಮಗುವಿಗೆ ಕಾರಿನಲ್ಲಿ ಬೇರೆ ಸೀಟು ಕಡ್ಡಾಯ, ಹತ್ತು ವರ್ಷದ ಒಳಗಿನವರು ಮುಂದಿನ ಸೀಟಿನಲ್ಲಿ ಕೂರುವಂತಿಲ್ಲ. ಮಂಚ, ಸೋಫಾ, ಕುರ್ಚಿ ಕಿಟಕಿಯ ಪಕ್ಕ ಇಟ್ಟಿದ್ದರೆ ಇವತ್ತೇ ಸರಿಸಿ. ಹನ್ನೆರಡನೇ ಮಹಡಿಯಲ್ಲಿ ಮೂರು ವರ್ಷದ ಮಗುವಿಗೆ ಹತ್ತಲು ಒಂದು ದಿಂಬು ಸಾಕು.

ನಿಮಗೆ ಮಗು ಹುಟ್ಟಿದಾಗ, ಖಾಸಗಿ ಕಂಪನಿಯಲ್ಲಿದ್ದರೂ, ಅಪ್ಪನಿಗೂ ಐದು ಕೆಲಸದ ದಿನ ಸಂಬಳ ಸಹಿತ ರಜೆ ಇದೆ, ಮಗುವಿಗೆ ಆರು ತಿಂಗಳು ಆಗುವುದರೊಳಗೆ ತೆಗೆದುಕೊಳ್ಳಬೇಕು. ಕೆಲಸ ಮಾಡುವ ತಾಯಿಗೆ 60 ದಿನ: 45 ಪೂರ್ಣ ಸಂಬಳ, 15 ಅರ್ಧ. ಕೇಳದೇ ಇದ್ದರೆ ಎಚ್‌ಆರ್‌ನವರು ತಾವಾಗಿ ನೆನಪಿಸುವುದು ಅಪರೂಪ. ಅರ್ಜಿಯನ್ನು ಈಮೇಲಿನಲ್ಲಿ ಕೊಡಿ, ಬಾಯಲ್ಲಿ ಅಲ್ಲ.

ಕೊನೆಗೆ, ಊರಿಗೆ ಮಾಡುವ ವಿಡಿಯೋ ಕಾಲ್ ಬಗ್ಗೆ. ‘ಅಜ್ಜಿಗೆ ಹಾಯ್ ಹೇಳು, ಮಾತಾಡು’ ಅಂತ ಫೋನನ್ನು ಮಗುವಿನ ಮುಖಕ್ಕೆ ಹಿಡಿದರೆ ಮಗು ಓಡಿಹೋಗುತ್ತೆ. ಇಬ್ಬರಿಗೂ ಒಂದು ಕೆಲಸ ಕೊಡಿ. ನಮ್ಮ ಮನೆಯಲ್ಲಿ ಶನಿವಾರ ಬೆಳಿಗ್ಗೆ ಅಮ್ಮ ಅಲ್ಲಿ ದೋಸೆ ಹುಯ್ಯುತ್ತಾರೆ, ಮಗಳು ಇಲ್ಲಿ ಹುಯ್ಯುತ್ತಾಳೆ, ಫೋನನ್ನು ಡಬ್ಬಿಗೆ ಒರಗಿಸಿಟ್ಟಿರುತ್ತೇವೆ. ಹೋದ ವಾರ ಮಗಳ ದೋಸೆ ಹೆಂಚಿಗೆ ಅಂಟಿಕೊಂಡಿತು. ‘ಅಜ್ಜಿ, ನೀವು ಹೇಳಿದ್ದು ತಪ್ಪು, ಎಣ್ಣೆ ಮೊದಲೇ ಹಾಕಬೇಕಿತ್ತು’ ಅಂತ ಇಲ್ಲಿಂದ ಅವಳು, ‘ನಾನು ಹೇಳಿದ್ದು ಸರಿಯಾಗೇ ಇತ್ತು, ನೀನು ಉರಿ ಜಾಸ್ತಿ ಮಾಡಿದೆ’ ಅಂತ ಅಲ್ಲಿಂದ ಅಮ್ಮ. ಹತ್ತು ನಿಮಿಷ ನಡೆಯಿತು. ನಾವು ಮಧ್ಯೆ ಹೋಗಲಿಲ್ಲ.